ಹಾಟ್ ಪಾಟ್: ಅಡುಗೆ ನಿಮ್ಮದು, ಗಡಿಯಾರ ಹೋಟೆಲ್‌ನದು

2020ರಲ್ಲಿ ನಿಂತಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಯಲ್ಲಿ ಮತ್ತೆ ಶುರುವಾದವು. ಸರಕು ನೋಡಲು ಗುವಾಂಗ್‌ಝೌಗೆ ಹೋಗುವ ವ್ಯಾಪಾರಿಗಳಿಗೆ, ಕಂಪನಿ ಕೆಲಸಕ್ಕೆ ಶೆನ್‌ಝೆನ್‌ಗೆ ಹೋಗುವ ಎಂಜಿನಿಯರುಗಳಿಗೆ ದಾರಿ ಸ್ವಲ್ಪ ಸುಲಭವಾಯಿತು. ಹೋದವರನ್ನು ಅಲ್ಲಿನ ಜೊತೆಗಾರರು ಪ್ರೀತಿಯಿಂದ ಕರೆದುಕೊಂಡು ಹೋಗುವ ಜಾಗಗಳಲ್ಲಿ ಹಾಟ್ ಪಾಟ್ ಹೋಟೆಲ್ ಒಂದು. ಸಿಂಗಪುರ, ಸಿಡ್ನಿ, ಟೊರಾಂಟೊದಲ್ಲಿರುವ ಕನ್ನಡಿಗರಿಗೂ ಆಫೀಸಿನವರಿಂದ ಇಂಥ ಕರೆ ಬರುತ್ತದೆ.

ಮೊದಲ ಸಲ ಹೋದವರಿಗೆ ಗಾಬರಿಯಾಗುವುದು ಸಹಜ. ಮೇಜಿನ ನಡುವೆ ಪಾತ್ರೆಯಲ್ಲಿ ಕೆಂಪು ಸಾರು ಕೊತಕೊತ ಕುದಿಯುತ್ತಿರುತ್ತದೆ. ಸುತ್ತ ತಟ್ಟೆಗಳಲ್ಲಿ ಹಸಿ ಮಾಂಸ, ಹಸಿ ಸೊಪ್ಪು. ಬೇಯಿಸಿ ಬಡಿಸುವವರು ಯಾರೂ ಇಲ್ಲ. 'ಎಷ್ಟು ಬೇಕಾದರೂ ತಿನ್ನಿ' ಅನ್ನುವ ಬೋರ್ಡಿನ ಕೆಳಗೇ '120 ನಿಮಿಷ ಮಾತ್ರ', 'ಉಳಿಸಿದರೆ ಹೆಚ್ಚುವರಿ ಹಣ' ಎಂದು ಬರೆದಿರುತ್ತದೆ. ಇದೆಲ್ಲ ಯಾಕೆ ಹೀಗಿದೆ ಎಂದು ತಿಳಿದುಕೊಂಡು ಹೋದರೆ ಊಟ ಸುಖವಾಗುತ್ತದೆ.

ಹಾಟ್ ಪಾಟ್ ಅಂದರೇನು?

ಕುದಿಯುವ ಸಾರು, ಅದರಲ್ಲಿ ಬೇಯಿಸಲು ಹಸಿ ಪದಾರ್ಥ, ಬೆಂದದ್ದನ್ನು ನಂಚಿಕೊಳ್ಳಲು ಸಾಸ್. ಈ ಮೂರು ಸೇರಿದರೆ ಹಾಟ್ ಪಾಟ್. ಚೀನೀ ಭಾಷೆಯಲ್ಲಿ 'ಹುವೊಗುವೊ' ಅನ್ನುತ್ತಾರೆ. ಮೇಜಿನಲ್ಲೇ ಗ್ಯಾಸ್ ಅಥವಾ ಇಂಡಕ್ಷನ್ ಒಲೆ ಕೂರಿಸಿರುತ್ತಾರೆ. ಕೂತವರು ಚಾಪ್‌ಸ್ಟಿಕ್‌ನಿಂದ ಒಂದೊಂದೇ ತುಂಡು ಹಾಕಿ, ಬೇಯಿಸಿ, ತೆಗೆದು ತಿನ್ನುತ್ತಾರೆ. ಸಾರನ್ನು ಕುಡಿಯಲೇಬೇಕು ಎಂದೇನಿಲ್ಲ. ಕೆಂಪು ಸಾರನ್ನಂತೂ ಯಾರೂ ಕುಡಿಯುವುದಿಲ್ಲ. ಅದು ಬೇಯಿಸಲು ಮಾತ್ರ.

ಇದು ಒಂದು ಊರಿನ ತಿಂಡಿಯಲ್ಲ. ಬೀಜಿಂಗ್‌ನಲ್ಲಿ ನಡುವೆ ಚಿಮಣಿ ಇರುವ ತಾಮ್ರದ ಪಾತ್ರೆ ಬಳಸುತ್ತಾರೆ. ಚಿಮಣಿಯೊಳಗೆ ಇದ್ದಿಲ ಕೆಂಡ, ಸುತ್ತ ಹೆಚ್ಚುಕಮ್ಮಿ ಬರೀ ನೀರು, ಅದರಲ್ಲಿ ಕುರಿ ಮಾಂಸದ ತೆಳು ಹೋಳು. ಅಲ್ಲಿನ ಡಾಂಗ್‌ಲೈಶುನ್ ಎಂಬ ಹೆಸರಾಂತ ಹೋಟೆಲ್ 1903ರಲ್ಲಿ ಶುರುವಾದದ್ದು. ಅದನ್ನು ಕಟ್ಟಿದ್ದು ಹುಯಿ ಮುಸ್ಲಿಂ ಸಮುದಾಯದವರು. ತೆಂಕಣ ಕರಾವಳಿಯ ಚಾವೊಶಾನ್ ಕಡೆ ತಿಳಿಸಾರಿನಲ್ಲಿ ದನದ ಮಾಂಸ ಬೇಯಿಸುತ್ತಾರೆ. ಯುನ್ನಾನ್‌ನಲ್ಲಿ ಕಾಡಿನ ಅಣಬೆ. ಆದರೆ ಇವತ್ತು ಜಗತ್ತಿನ ಬಹುತೇಕ ಹೋಟೆಲ್‌ಗಳಲ್ಲಿ ಕಾಣುವುದು ಸಿಚುವಾನ್ ಮತ್ತು ಚೊಂಗ್‌ಚಿಂಗ್ ಕಡೆಯ ಖಾರದ ಕೆಂಪು ಸಾರು.

ಚೊಂಗ್‌ಚಿಂಗ್ ಯಾಂಗ್‌ಟ್ಸಿ ಮತ್ತು ಜಿಯಾಲಿಂಗ್ ನದಿಗಳು ಕೂಡುವ ಊರು. ದೋಣಿ ಎಳೆಯುವವರು, ಹಡಗುಕಟ್ಟೆಯ ಕೂಲಿಗಳು ಅಗ್ಗಕ್ಕೆ ಸಿಗುತ್ತಿದ್ದ ಬೋಟಿ, ಕರುಳುಗಳನ್ನು ಖಾರದ ಸಾರಿನಲ್ಲಿ ಬೇಯಿಸಿ ತಿನ್ನುತ್ತಿದ್ದರು. ಅಲ್ಲಿನ ಹಾಟ್ ಪಾಟ್ ಹುಟ್ಟಿದ್ದು ಹಾಗೆ ಎನ್ನುತ್ತಾರೆ. ಒಂಬತ್ತು ಮನೆಗಳಾಗಿ ಭಾಗ ಮಾಡಿದ ಚೌಕದ ಪಾತ್ರೆ ಈಗಲೂ ಆ ಊರಿನ ಗುರುತು. ನಡುವಿನ ಮನೆಯಲ್ಲಿ ಸಾರು ಜೋರಾಗಿ ಕುದಿಯುತ್ತದೆ, ಮೂಲೆಗಳಲ್ಲಿ ಮೆಲ್ಲಗೆ. ಬೇಗ ಬೇಯುವುದು ನಡುವೆ, ನಿಧಾನಕ್ಕೆ ಬೇಯಬೇಕಾದ್ದು ಮೂಲೆಗೆ.

ಒಂದೇ ಬೆಲೆ ಹೋಟೆಲ್‌ಗೆ ಗಿಟ್ಟುವುದು ಹೇಗೆ?

ಎಲ್ಲ ಹಾಟ್ ಪಾಟ್ ಹೋಟೆಲ್‌ಗಳಲ್ಲೂ 'ಎಷ್ಟು ಬೇಕಾದರೂ ತಿನ್ನಿ' ಪದ್ಧತಿ ಇಲ್ಲ. 1994ರಲ್ಲಿ ಸಿಚುವಾನ್‌ನ ಜಿಯಾನ್‌ಯಾಂಗ್ ಎಂಬ ಸಣ್ಣ ಊರಿನಲ್ಲಿ ನಾಲ್ಕು ಮೇಜಿನಿಂದ ಶುರುವಾಗಿ, ಇವತ್ತು ಹಲವು ದೇಶಗಳಲ್ಲಿ ಶಾಖೆ ಇರುವ ಹೈದಿಲಾವ್‌ನಲ್ಲಿ ತಟ್ಟೆ ಲೆಕ್ಕದಲ್ಲಿ ಹಣ. ಸಾರಿಗೂ ಬೇರೆ ಬೆಲೆ. ಒಳಗೆ ಕೂರುವ ಮೊದಲೇ ಇದು ಯಾವ ತರದ ಹೋಟೆಲ್ ಎಂದು ಕೇಳಿಕೊಳ್ಳಿ. ತಟ್ಟೆ ಲೆಕ್ಕದ ಜಾಗದಲ್ಲಿ ಅನ್‌ಲಿಮಿಟೆಡ್ ಅಂದುಕೊಂಡು ತರಿಸುತ್ತಾ ಹೋದರೆ ಬಿಲ್ ನೋಡಿ ಎದೆ ಧಸಕ್ ಅನ್ನುತ್ತದೆ.

ಇನ್ನು ಒಂದೇ ಬೆಲೆಯ ಹೋಟೆಲ್. ನಮ್ಮ ಕಡೆ ಫುಲ್ ಮೀಲ್ಸ್ ಹೋಟೆಲ್ ಇದೆಯಲ್ಲ, ಲೆಕ್ಕ ಸುಮಾರಾಗಿ ಹಾಗೇ. ಒಬ್ಬರು ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ಇನ್ನೊಬ್ಬರು ಎರಡು ಪೂರಿಗೇ ಎದ್ದು ಹೋಗುತ್ತಾರೆ. ಇಬ್ಬರಿಗೂ ಒಂದೇ ದರ. ಸರಾಸರಿ ಹೊಟ್ಟೆಯ ಮೇಲೆ ಬೆಲೆ ಇಟ್ಟರೆ ಹೋಟೆಲ್‌ಗೆ ಗಿಟ್ಟುತ್ತದೆ. ಆದರೆ ಮೀಲ್ಸ್ ಹೋಟೆಲ್‌ನಲ್ಲಿ ಅಡುಗೆಯವರಿಗೆ ಸಂಬಳ ಕೊಡಬೇಕು. ಹಾಟ್ ಪಾಟ್‌ನಲ್ಲಿ ಆ ಕೆಲಸವನ್ನೇ ಗಿರಾಕಿಗೆ ಒಪ್ಪಿಸಿಬಿಟ್ಟಿದ್ದಾರೆ. ಈ ಒಂದು ವಿಷಯ ಹಿಡಿದುಕೊಂಡರೆ ಉಳಿದ ನಿಯಮಗಳೆಲ್ಲ ತಾವಾಗೇ ಅರ್ಥವಾಗುತ್ತವೆ.

ಒಳಗೆ ಬಾಣಲೆ ಹಿಡಿದು ನಿಂತ ನುರಿತ ಬಾಣಸಿಗರ ಸಾಲು ಬೇಕಿಲ್ಲ. ತರಕಾರಿ ತೊಳೆದು ಹೆಚ್ಚಿಡಬೇಕು. ಮಾಂಸವನ್ನು ಹೆಪ್ಪುಗಟ್ಟಿಸಿ ಯಂತ್ರಕ್ಕೆ ಕೊಟ್ಟರೆ ಕಾಗದದಷ್ಟು ತೆಳ್ಳಗೆ ಸುರುಳಿಯಾಗಿ ಬೀಳುತ್ತದೆ. ಸಾರಿನ ಮಸಾಲೆ ಎಷ್ಟೋ ಕಡೆ ಕಾರ್ಖಾನೆಯಿಂದಲೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಹಾಗಾಗಿ ಹತ್ತು ಶಾಖೆ ತೆರೆದರೂ ರುಚಿ ಒಂದೇ. ಹಾಟ್ ಪಾಟ್ ಚೈನ್‌ಗಳು ಇಷ್ಟು ಬೇಗ ಹರಡಲು ಇದೇ ದೊಡ್ಡ ಕಾರಣ.

ಒಂದೇ ಬೆಲೆ ಗಿಟ್ಟಲು ಎರಡನೆಯ ಕಾರಣ ನಿಧಾನ. ಹಾಕಬೇಕು, ಕಾಯಬೇಕು, ಹುಡುಕಿ ತೆಗೆಯಬೇಕು, ಆರಿಸಿಕೊಳ್ಳಬೇಕು. ತಟ್ಟೆಯಲ್ಲಿ ಒಮ್ಮೆಲೇ ಬಡಿಸಿದ್ದನ್ನು ತಿನ್ನುವ ವೇಗದಲ್ಲಿ ಇದನ್ನು ತಿನ್ನಲು ಆಗುವುದಿಲ್ಲ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟಲು ಸ್ವಲ್ಪ ಹೊತ್ತು ಬೇಕು. ನಿಧಾನವಾಗಿ ತಿಂದಾಗ ಆ ಸುದ್ದಿ ಊಟದ ನಡುವೆಯೇ ಮುಟ್ಟುತ್ತದೆ. ಗಿರಾಕಿ ತಾನಾಗಿಯೇ ಸಾಕು ಅನ್ನುತ್ತಾನೆ.

ಆದರೆ ಅದೇ ನಿಧಾನ ಹೋಟೆಲ್‌ಗೆ ತೊಂದರೆಯೂ ಹೌದು. ಕುದಿಯುವ ಪಾತ್ರೆ ಮುಂದೆ ಹರಟುತ್ತಾ ಕೂತರೆ ಮೇಜು ಖಾಲಿಯಾಗುವುದೇ ಇಲ್ಲ. ಅದಕ್ಕೇ ಗಡಿಯಾರ. 90 ನಿಮಿಷ ಅಥವಾ ಎರಡು ಗಂಟೆ ಮಿತಿ ಸಾಮಾನ್ಯ. ಮುಗಿಯುವ ಮೊದಲೇ 'ಇದು ಕೊನೆಯ ಆರ್ಡರ್' ಎಂದು ಹೇಳಿ ನಿಲ್ಲಿಸುತ್ತಾರೆ. ನೀವು ಕೊಡುವ ಹಣದಲ್ಲಿ ತಿಂಡಿಯ ಬೆಲೆ ಒಂದು ಪಾಲು, ಮೇಜಿನ ಬಾಡಿಗೆ ಇನ್ನೊಂದು ಪಾಲು ಅಂದುಕೊಳ್ಳಬಹುದು.

ಈ ಗಡಿಯಾರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚೆಂಗ್ಡು ನಗರದಲ್ಲಿ 2018ರಲ್ಲಿ ನಡೆದದ್ದು ಒಳ್ಳೆಯ ಉದಾಹರಣೆ. ಅಲ್ಲಿನ ಒಂದು ಹಾಟ್ ಪಾಟ್ ಹೋಟೆಲ್ 120 ಯುವಾನ್‌ಗೆ (ಯುವಾನ್ ಅಂದರೆ ಚೀನಾದ ಹಣ) ತಿಂಗಳ ಕಾರ್ಡ್ ಮಾರಿತು. ತಿಂಗಳು ಪೂರ್ತಿ ಎಷ್ಟು ಸಲ ಬಂದರೂ ಎಷ್ಟು ತಿಂದರೂ ಸರಿ. ಬೆಳಿಗ್ಗೆಯಿಂದ ನಡುರಾತ್ರಿವರೆಗೂ ಕ್ಯೂ. ದಿನಕ್ಕೆ 500ಕ್ಕೂ ಹೆಚ್ಚು ಜನ. ಒಬ್ಬರ ಕಾರ್ಡನ್ನು ಮನೆಮಂದಿಯೆಲ್ಲ ಬಳಸಿದರು. ಎರಡು ವಾರಕ್ಕೆ ಸುಮಾರು 5 ಲಕ್ಷ ಯುವಾನ್ ಸಾಲವಾಗಿ ಬಾಗಿಲು ಹಾಕಬೇಕಾಯಿತು. ಒಂದು ಹೊತ್ತಿಗೆ ಒಬ್ಬರ ಹೊಟ್ಟೆ ಹಿಡಿಸುವುದಕ್ಕೆ ಮಿತಿಯಿದೆ. ಬೆಲೆ ನಿಂತಿರುವುದು ಆ ಮಿತಿಯ ಮೇಲೆ. ಅದೇ ಹೊಟ್ಟೆ ಸಂಜೆ ಮತ್ತೆ ಹಸಿಯುತ್ತದೆ, ಅಲ್ವಾ? ಲೆಕ್ಕ ತಪ್ಪಿದ್ದು ಅಲ್ಲಿ.

ಸಾರು ಆರಿಸುವುದು ಹೇಗೆ?

ಕೂತ ತಕ್ಷಣ ಕೇಳುವ ಮೊದಲ ಪ್ರಶ್ನೆ ಸಾರಿನದು. ಪಾತ್ರೆಯನ್ನು ಎರಡು ಭಾಗ ಮಾಡಿ ಒಂದರಲ್ಲಿ ಖಾರದ್ದು, ಇನ್ನೊಂದರಲ್ಲಿ ಸಪ್ಪೆಯದು ಹಾಕಿಸಿಕೊಳ್ಳಬಹುದು. ಇದಕ್ಕೆ 'ಯುವಾನ್‌ಯಾಂಗ್' ಪಾತ್ರೆ ಎಂದು ಹೆಸರು. ಮೊದಲ ಸಲ ಹೋಗುವವರಿಗೆ ಇದೇ ಒಳ್ಳೆಯದು. ಟೊಮೆಟೊ ಸಾರು, ಅಣಬೆ ಸಾರು, ಮೂಳೆ ಬೇಯಿಸಿದ ಬಿಳಿ ಸಾರು, ಖಾರದ ಕೆಂಪು ಸಾರು, ಇವು ಬಹುತೇಕ ಎಲ್ಲ ಕಡೆ ಸಿಗುತ್ತವೆ.

ಕೆಂಪು ಸಾರಿಗೆ 'ಮಾಲಾ' ಎಂದು ಹೆಸರು. ಇದರಲ್ಲಿ ಎರಡು ಬೇರೆ ಬೇರೆ ಅನುಭವಗಳಿವೆ. ಒಂದು ಮೆಣಸಿನಕಾಯಿಯ ಉರಿ. ಅದು ನಮಗೆ ಹೊಸದಲ್ಲ. ಇನ್ನೊಂದು ತುಟಿ, ನಾಲಿಗೆ ಜುಮ್ಮೆನ್ನುವುದು. ಅದು ಬರುವುದು ಸಿಚುವಾನ್ ಮೆಣಸಿನಿಂದ. ಹೆಸರಿನಲ್ಲಿ ಮೆಣಸು ಅಂತಿದ್ದರೂ ಅದು ಕರಿಮೆಣಸಿನ ಬಳ್ಳಿಗೂ ಮೆಣಸಿನಕಾಯಿ ಗಿಡಕ್ಕೂ ಸಂಬಂಧವಿಲ್ಲದ, ನಿಂಬೆ ಕುಟುಂಬದ ಮರದ ಕಾಯಿ. ಅದರಲ್ಲಿರುವ ಸ್ಯಾನ್‌ಶೂಲ್ ಎಂಬ ಪದಾರ್ಥ ಸ್ಪರ್ಶ ತಿಳಿಸುವ ನರಗಳನ್ನು ಕೆರಳಿಸುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2013ರಲ್ಲಿ ಇದನ್ನು ತುಟಿಯ ಮೇಲೆ ಹಚ್ಚಿ ಅಳೆದರು. ಸೆಕೆಂಡಿಗೆ ಸುಮಾರು 50 ಸಲ ನಡುಗುವ ಯಂತ್ರ ತುಟಿಗೆ ತಾಗಿದಂತೆ ಅನಿಸುತ್ತದೆ ಎಂದು ಕಂಡುಕೊಂಡರು. ಅಂದರೆ ಜುಮ್ಮೆನ್ನುವುದು ರುಚಿಯಲ್ಲ, ಸ್ಪರ್ಶ.

ಕರಾವಳಿಯವರಿಗೆ ಇದು ಪರಿಚಿತ ಅನಿಸಬಹುದು. ಕೊಂಕಣಿ ಮನೆಗಳಲ್ಲಿ ಮೀನು ಸಾರಿಗೆ, ಕೆಲವು ತರಕಾರಿ ಪದಾರ್ಥಗಳಿಗೆ ಹಾಕುವ ತೆಪ್ಪಲ್ ಇದೆಯಲ್ಲ, ನಾವು ಜುಮ್ಮನಕಾಯಿ ಅನ್ನುವುದು, ಅದು ಸಿಚುವಾನ್ ಮೆಣಸಿನ ಹತ್ತಿರದ ದಾಯಾದಿ. ಎರಡೂ ಒಂದೇ ಕುಲದ ಮರಗಳು. ಅದನ್ನು ತಿಂದು ರೂಢಿ ಇರುವವರು ಮಾಲಾ ಸಾರಿಗೆ ಬೆಚ್ಚಿಬೀಳುವುದಿಲ್ಲ.

ಕೆಂಪು ಸಾರಿನ ಮೇಲೆ ಒಂದು ದಪ್ಪ ಎಣ್ಣೆಯ ಪದರ ಇರುತ್ತದೆ. ಅಸಲಿ ಚೊಂಗ್‌ಚಿಂಗ್ ರೀತಿಯಲ್ಲಿ ಅದು ದನದ ಕೊಬ್ಬು. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದ ಖಾರವೆಲ್ಲ ಈ ಪದರದಲ್ಲೇ ಕೂತಿರುತ್ತದೆ. ಪಾತ್ರೆಯಿಂದ ಮೇಲೆತ್ತಿದ ಪ್ರತಿ ತುಂಡೂ ಇದನ್ನು ಹಾದು ಬರಬೇಕು. ಸೊಪ್ಪು, ಒಣ ತೋಫು (ಸೋಯಾ ಪನೀರ್) ಇವು ಎಣ್ಣೆಯನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಸೊಪ್ಪನ್ನು ಸಪ್ಪೆ ಸಾರಿಗೆ ಹಾಕುವುದೇ ವಾಸಿ. ಎಣ್ಣೆಯ ಮುಚ್ಚಿಗೆಯಿಂದ ಆವಿ ಜಾಸ್ತಿ ಏಳುವುದಿಲ್ಲ. ಬಿಸಿ ಇಲ್ಲ ಅನ್ನಿಸುತ್ತದೆ, ಆದರೆ ಒಳಗೆ ಸುಡುತ್ತಿರುತ್ತದೆ. ಮಕ್ಕಳು ಜೊತೆಗಿದ್ದರೆ ಇದು ನೆನಪಿರಲಿ.

ಯಾವುದನ್ನು ಎಷ್ಟು ಹೊತ್ತು ಬೇಯಿಸಬೇಕು?

ಇಲ್ಲಿ ನಿಯಮ ಸರಳ. ತೆಳ್ಳಗಿದ್ದದ್ದು ಸೆಕೆಂಡುಗಳಲ್ಲಿ, ದಪ್ಪಗಿದ್ದದ್ದು ನಿಮಿಷಗಳಲ್ಲಿ. ಕುರಿ ಮತ್ತು ದನದ ಮಾಂಸದ ತೆಳು ಸುರುಳಿಗಳು ಬಣ್ಣ ಪೂರ್ತಿ ಬದಲಾದ ಕೂಡಲೇ ಸಿದ್ಧ. ಬಿಟ್ಟರೆ ರಬ್ಬರಿನಂತಾಗುತ್ತವೆ. ಬೋಟಿಗೆ ಸಿಚುವಾನ್‌ನವರು ಒಂದು ಲೆಕ್ಕ ಹೇಳುತ್ತಾರೆ: ಚಾಪ್‌ಸ್ಟಿಕ್‌ನಲ್ಲಿ ಹಿಡಿದು ಏಳು ಸಲ ಮೇಲೆತ್ತು, ಎಂಟು ಸಲ ಮುಳುಗಿಸು. ಸುಮಾರು 15 ಸೆಕೆಂಡು ಆಗುತ್ತದೆ. ಕೈಬಿಟ್ಟು ಪಾತ್ರೆಗೆ ಹಾಕಿದರೆ ಬೋಟಿ ಕಳೆದೇ ಹೋಗುತ್ತದೆ, ಸಿಕ್ಕಾಗ ಅಗಿಯಲು ಆಗುವುದಿಲ್ಲ.

ಆಲೂಗಡ್ಡೆ, ತಾವರೆ ಗಡ್ಡೆ, ಮೂಲಂಗಿ, ಬೂದುಗುಂಬಳ ಇವನ್ನು ಮೊದಲೇ ಹಾಕಿಬಿಡಿ. ನಿಧಾನವಾಗಿ ಬೇಯುತ್ತಿರಲಿ. ಮೀನಿನ ಉಂಡೆ ತೇಲಿದ ಮೇಲೂ ಒಂದೆರಡು ನಿಮಿಷ ಬಿಡಿ. ಹೆಪ್ಪುಗಟ್ಟಿಸಿದ ತೋಫು ನನಗೆ ತುಂಬ ಇಷ್ಟ. ಐಸ್ ಕರಗಿದ ಜಾಗದಲ್ಲಿ ತೂತುಗಳಾಗಿ ಸಾರನ್ನೆಲ್ಲ ಹೀರಿಕೊಂಡಿರುತ್ತದೆ. ಅದನ್ನು ಒಮ್ಮೆಲೇ ಬಾಯಿಗೆ ಹಾಕಿಕೊಳ್ಳಬೇಡಿ, ಒಳಗಿನ ಸಾರು ಸುಡುತ್ತದೆ. ನೂಡಲ್ಸ್ ಕೊನೆಗೆ. ಅದರ ಹಿಟ್ಟು ಬಿಟ್ಟುಕೊಂಡು ಸಾರು ಮಂದವಾಗುತ್ತದೆ.

ಒಂದು ತಟ್ಟೆ ಪೂರ್ತಿ ಸುರಿದುಬಿಟ್ಟರೆ ಕುದಿ ಇಳಿಯುತ್ತದೆ. ಆಗ ಯಾವುದು ಬೆಂದಿದೆ, ಯಾವುದು ಹಸಿ ಎಂದು ಗೊತ್ತಾಗುವುದಿಲ್ಲ. ಸ್ವಲ್ಪ ಸ್ವಲ್ಪ ಹಾಕಿ, ಮತ್ತೆ ಕುದಿ ಬಂದ ಮೇಲೆ ಎಣಿಸಲು ಶುರು ಮಾಡಿ. ಹಂದಿ, ಕೋಳಿ ಮಾಂಸ ಮತ್ತು ಅರೆದು ಮಾಡಿದ ಸೀಗಡಿ ಉಂಡೆಗಳು ಒಳಗಿನವರೆಗೂ ಬೇಯಲೇಬೇಕು. ಹಸಿ ಮಾಂಸ ಎತ್ತಿದ ಚಾಪ್‌ಸ್ಟಿಕ್‌ನಿಂದ ತಿನ್ನಬಾರದು. ಇದು ಎಲ್ಲಕ್ಕಿಂತ ಮುಖ್ಯವಾದ ಮಾತು. ಅಡುಗೆ ನಿಮ್ಮ ಕೈಗೆ ಬಂದಾಗ ಅಡುಗೆಮನೆಯ ಎಚ್ಚರವೂ ನಿಮ್ಮದೇ. ಹಸಿಯದಕ್ಕೆ ಬೇರೆ ಚಾಪ್‌ಸ್ಟಿಕ್ ಜೋಡಿ, ಬೆಂದದ್ದನ್ನು ಎತ್ತಲು ಜಾಲರಿ ಸೌಟು ಕೇಳಿ ತೆಗೆದುಕೊಳ್ಳಿ.

ಯುನ್ನಾನ್‌ನ ಅಣಬೆ ಹಾಟ್ ಪಾಟ್‌ನಲ್ಲಿ ಈ ಎಚ್ಚರ ಇನ್ನೂ ಬಿಗಿ. ಅಲ್ಲಿನ ಕೆಲವು ಕಾಡಣಬೆಗಳು ಅರೆಬೆಂದರೆ ವಿಷ. ಒಂದು ಜಾತಿಯಂತೂ ಇಲ್ಲದ್ದೆಲ್ಲ ಕಣ್ಣಿಗೆ ಕಾಣುವ ಹಾಗೆ ಮಾಡುತ್ತದೆ. ಅದಕ್ಕೆ ಹೋಟೆಲ್‌ನವರು ಮೇಜಿನ ಮೇಲೆ ಟೈಮರ್ ಇಡುತ್ತಾರೆ. ಅದು ಹೊಡೆಯುವವರೆಗೆ ಚಾಪ್‌ಸ್ಟಿಕ್ ಕೊಡದ ಹೋಟೆಲ್‌ಗಳೂ ಇವೆ.

ನಂಚಿಕೊಳ್ಳಲು

ಸಾಸ್‌ಗಳ ಕೌಂಟರ್ ಬೇರೆ ಇರುತ್ತದೆ. ಬೆರೆಸಿಕೊಳ್ಳುವುದು ನಿಮ್ಮ ಇಷ್ಟ. ಚೊಂಗ್‌ಚಿಂಗ್ ರೀತಿ ಅಂದರೆ ಎಳ್ಳೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು. ಖಾರದ ಎಣ್ಣೆಯಿಂದ ತೆಗೆದು ಮತ್ತೆ ಎಣ್ಣೆಗೇ ಅದ್ದುವುದು ವಿಚಿತ್ರ ಅನಿಸಬಹುದು. ಆದರೆ ಖಾರ ಕೊಬ್ಬಿನಲ್ಲಿ ಕರಗುತ್ತದಲ್ಲ, ಎಳ್ಳೆಣ್ಣೆ ಅದನ್ನು ತುಂಡಿನ ಮೇಲಿಂದ ತೊಳೆದುಕೊಳ್ಳುತ್ತದೆ, ಬಿಸಿಯನ್ನೂ ಇಳಿಸುತ್ತದೆ. ಬೀಜಿಂಗ್ ರೀತಿ ಅಂದರೆ ಎಳ್ಳು ಅರೆದ ಗಟ್ಟಿ ಪೇಸ್ಟ್. ಸಪ್ಪೆ ಸಾರಿನ ಕುರಿ ಮಾಂಸಕ್ಕೆ ಅದು ಬೇಕೇ ಬೇಕು.

ಸಸ್ಯಾಹಾರಿಗಳು ಏನು ಮಾಡಬೇಕು?

ತರಕಾರಿ, ತೋಫು, ಅಣಬೆ ಬೇಕಾದಷ್ಟು ಸಿಗುತ್ತದೆ. ಹಾಟ್ ಪಾಟ್‌ನಲ್ಲಿ ಸಸ್ಯಾಹಾರಿಗಳು ಉಪವಾಸ ಇರಬೇಕಿಲ್ಲ. ತೊಂದರೆ ಇರುವುದು ಸಾರಿನಲ್ಲಿ. 'ಅಣಬೆ ಸಾರು' ಎಂದು ಹೆಸರಿದ್ದರೂ ಅದನ್ನು ಕೋಳಿ ಅಥವಾ ಮೂಳೆ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಟೊಮೆಟೊ ಸಾರೂ ಹಾಗೇ. ಕೆಂಪು ಸಾರಿನಲ್ಲಿ ದನದ ಕೊಬ್ಬು ಇರುವುದು ಮಾಮೂಲು. ಕೆಲವು ಹೋಟೆಲ್‌ಗಳಲ್ಲಿ ಬರೀ ಅಡುಗೆ ಎಣ್ಣೆಯಲ್ಲಿ ಮಾಡಿದ ಕೆಂಪು ಸಾರು ಇರುತ್ತದೆ. ಅದನ್ನು 'ಛಿಂಗ್ ಯೋ' ಅನ್ನುತ್ತಾರೆ. ದನದ ಕೊಬ್ಬಿನದು 'ನ್ಯೂ ಯೋ'. ಈ ಎರಡು ಮಾತು ಗೊತ್ತಿದ್ದರೆ ಆರ್ಡರ್ ಮಾಡುವಾಗ ಉಪಯೋಗಕ್ಕೆ ಬರುತ್ತವೆ. ದನದ ಮಾಂಸ ತಿನ್ನದ ಮಾಂಸಾಹಾರಿಗಳಿಗೂ ಇದು ಅಷ್ಟೇ ಮುಖ್ಯ.

ಸಾಸ್ ಕೌಂಟರಿನಲ್ಲಿ ಸಮುದ್ರದ ಚಿಪ್ಪುಜೀವಿಯಿಂದ ಮಾಡಿದ ಆಯ್ಸ್ಟರ್ ಸಾಸ್, ಒಣ ಸೀಗಡಿ ಬೆರೆತ ಶಾಚಾ ಸಾಸ್ ಇರುತ್ತವೆ. ಏಡಿ ಕಡ್ಡಿ ಎಂದು ಕಾಣುವುದು ಮೀನು ಅರೆದು ಮಾಡಿದ್ದು. ಸೋಯಾ ಸಾಸ್, ಎಳ್ಳೆಣ್ಣೆ, ವಿನೆಗರ್, ಬೆಳ್ಳುಳ್ಳಿ ಇಷ್ಟಿದ್ದರೆ ಸಾಕು.

ಎಲ್ಲರೂ ಒಂದೇ ಪಾತ್ರೆಯಲ್ಲಿ ಬೇಯಿಸುವುದು ಒಪ್ಪದವರಿಗೆ ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಪಾತ್ರೆ ಕೊಡುವ ಹೋಟೆಲ್‌ಗಳಿವೆ. ತಟ್ಟೆಗಳು ಬೆಲ್ಟಿನ ಮೇಲೆ ಮೇಜಿನ ಪಕ್ಕ ತಿರುಗುತ್ತಾ ಬರುವ ಸಣ್ಣ ಹೋಟೆಲ್‌ಗಳು ಚೀನಾದ ಊರೂರಿನಲ್ಲಿ ಸಿಗುತ್ತವೆ. ಅಲ್ಲಿ ಪಾತ್ರೆ ನಿಮ್ಮದೇ, ಬೆಲೆಯೂ ಕಡಿಮೆ. ಸಸ್ಯಾಹಾರಿ ಜೊತೆಗಾರರಿದ್ದರೆ ಮೊದಲೇ ಆತಿಥೇಯರಿಗೆ ಹೇಳಿ. ಸಂಕೋಚದಿಂದ ಸುಮ್ನೆ ಕೂತು ಬರೀ ಸೋಯಾ ಹಾಲು ಕುಡಿದು ಬರುವುದಕ್ಕಿಂತ ಅದು ಎಷ್ಟೋ ಮೇಲು.

ಹೊಟ್ಟೆಗೆ ಭಾರವಾಗದ ಹಾಗೆ

ಕುದಿಯುತ್ತಾ ಹೋದಂತೆ ಸಾರಿನಲ್ಲಿ ಉಪ್ಪು, ಕೊಬ್ಬು ಹೆಚ್ಚುತ್ತವೆ. ಮಾಂಸದಿಂದ ಬಿಡುವ ಪ್ಯೂರಿನ್ ಎಂಬ ಪದಾರ್ಥವೂ ಸೇರುತ್ತದೆ. ಅದು ಮೈಯೊಳಗೆ ಯೂರಿಕ್ ಆಸಿಡ್ ಆಗುತ್ತದೆ. ಗೌಟ್ (ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಕೀಲುನೋವು) ಅಥವಾ ಬಿಪಿ ಇರುವವರು ಕೊನೆಯ ಸಾರನ್ನು ಕುಡಿಯಬಾರದು. ಸಾರು ಕುಡಿಯುವ ಆಸೆ ಇದ್ದರೆ ಮಾಂಸ ಹಾಕುವ ಮೊದಲು ಸಪ್ಪೆ ಕಡೆಯಿಂದ ಒಂದು ಬಟ್ಟಲು ತೆಗೆದುಕೊಳ್ಳಿ.

ಪಾತ್ರೆಯಿಂದ ನೇರ ಬಾಯಿಗೆ ಹಾಕಿಕೊಳ್ಳಬೇಡಿ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯ ಕುಡಿಯುವುದು ಅನ್ನನಾಳದ ಕ್ಯಾನ್ಸರ್‌ಗೆ ಬಹುಶಃ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿತು. ಹಾಟ್ ಪಾಟ್‌ನ ಸಾರು 100 ಡಿಗ್ರಿ ಹತ್ತಿರ ಇರುತ್ತದೆ. ಸಾಸ್ ಬಟ್ಟಲಲ್ಲಿ ಒಂದು ಕ್ಷಣ ಇಟ್ಟರೆ ಆರುತ್ತದೆ. ಖಾರಕ್ಕೆ ನೀರು ಕುಡಿದರೆ ಪ್ರಯೋಜನ ಕಡಿಮೆ. ಹಾಲು ಹೆಚ್ಚು ಕೆಲಸ ಮಾಡುತ್ತದೆ. ಚೀನಾದಲ್ಲಿ ಹೊಗೆ ಹಾಕಿ ಒಣಗಿಸಿದ ಪ್ಲಮ್ ಹಣ್ಣಿನ ಹುಳಿ-ಸಿಹಿ ಪಾನಕ ಕೊಡುತ್ತಾರೆ. ತಣ್ಣಗಿದ್ದರೆ ತುಂಬ ಚೆನ್ನಾಗಿರುತ್ತದೆ.

ಉಳಿಸಿದರೆ ಹಣ ಯಾಕೆ?

ಹಸಿ ಪದಾರ್ಥ ಒಮ್ಮೆ ನಿಮ್ಮ ಮೇಜಿಗೆ ಬಂದರೆ ಹೋಟೆಲ್ ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಒಂದೇ ಬೆಲೆ ಅಂದಾಗ ಜನ ಕಣ್ಣಿನ ಹಸಿವಿಗೆ ತರಿಸಿಬಿಡುತ್ತಾರೆ. ಅದನ್ನು ತಡೆಯಲು ಉಳಿದದ್ದನ್ನು ತೂಗಿ ಹೆಚ್ಚುವರಿ ಹಣ ಹಾಕುತ್ತಾರೆ.

ಚೀನಾದಲ್ಲಿ ಇದಕ್ಕೆ ಕಾನೂನಿನ ಬೆಂಬಲವೂ ಇದೆ. ಆಹಾರ ಪೋಲು ತಡೆ ಕಾನೂನು 2021ರ ಏಪ್ರಿಲ್ 29ರಂದು ಜಾರಿಗೆ ಬಂತು. ತುಂಬ ಉಳಿಸಿದ ಗಿರಾಕಿಯಿಂದ ಆ ಕಸ ವಿಲೇವಾರಿಯ ಖರ್ಚು ಪಡೆಯಲು ಅದು ಹೋಟೆಲ್‌ಗೆ ಅವಕಾಶ ಕೊಡುತ್ತದೆ. ಆದರೆ ದರವನ್ನು ಮೊದಲೇ ಕಾಣುವಂತೆ ಬರೆದಿರಬೇಕು. ಬೇಕಂತಲೇ ಜಾಸ್ತಿ ತರಿಸುವಂತೆ ಗಿರಾಕಿಯನ್ನು ಪುಸಲಾಯಿಸಿದ ಹೋಟೆಲ್‌ಗೆ ಎಚ್ಚರಿಕೆ ಕೊಟ್ಟ ಮೇಲೂ ತಿದ್ದಿಕೊಳ್ಳದಿದ್ದರೆ 10,000 ಯುವಾನ್‌ವರೆಗೆ ದಂಡ ಇದೆ.

ಒಂದೇ ಬೆಲೆಯ ಊಟದಲ್ಲಿ ಉಳಿದದ್ದನ್ನು ಕಟ್ಟಿಸಿಕೊಂಡು ಹೋಗಲು ಸಾಮಾನ್ಯವಾಗಿ ಬಿಡುವುದಿಲ್ಲ. ಬೋರ್ಡಿನ ದರದಲ್ಲಿ ಏನು ಸೇರಿದೆ ಎಂದೂ ಕೇಳಿಕೊಳ್ಳಿ. ಎಷ್ಟೋ ಕಡೆ ಸಾರು, ಸಾಸ್, ಪಾನೀಯಕ್ಕೆ ಬೇರೆ ಹಣ. ಒಳ್ಳೆಯ ಮಾಂಸ, ಸಮುದ್ರದ ಮೀನು ಬೇಕಾದರೆ ಮೇಲಿನ ದರ್ಜೆಯ ದರ. ಮಕ್ಕಳಿಗೆ ಚೀನಾದಲ್ಲಿ ವಯಸ್ಸಿನ ಬದಲು ಎತ್ತರ ಅಳೆದು ರಿಯಾಯಿತಿ ಕೊಡುವ ಹೋಟೆಲ್‌ಗಳು ಬಹಳ. ಬಾಗಿಲ ಹತ್ತಿರವೇ ಗೋಡೆಗೆ ಅಳತೆಪಟ್ಟಿ ಅಂಟಿಸಿದ್ದರೆ ಮಗುವನ್ನು ಅಲ್ಲಿ ನಿಲ್ಲಿಸಿ ನೋಡುತ್ತಾರೆ.